ಹೊಸ ಡಾಕ್ಟರಿಗೆ ಮಗುವಿನ ವಿಷಯ ಹೇಳೋಣ



ಮೈಗೆ ಕಾಯಿಲೆ ಬರುವ ಹಾಗೆ ಮನಸ್ಸಿಗೂ ಕಾಯಿಲೆ ಬರುತ್ತದೆ. ದೊಡ್ಡವರಿಗೆ ಬರುತ್ತದೆ. ಮಕ್ಕಳಿಗೂ ಬರುತ್ತದೆ. ಇದನ್ನು ನೋಡುವ ಡಾಕ್ಟರಿಗೆ ಮನೋವೈದ್ಯರು ಅಂತ ಹೆಸರು. ಜಿಲ್ಲಾ ಆಸ್ಪತ್ರೆಯಲ್ಲಿ ಇವರು ಸಿಗುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳಿಗೆಂದೇ ಬೇರೆ ವಿಭಾಗ ಇದೆ.

ಆದರೆ ಯಾವಾಗಲೂ ಅದೇ ಡಾಕ್ಟರು ಇರುವುದಿಲ್ಲ. ಅವರಿಗೆ ವರ್ಗ ಆಗುತ್ತದೆ. ಇಲ್ಲವೇ ನಾವೇ ಕೂಲಿಗೆಂದು ಬೇರೆ ಊರಿಗೆ ಹೋಗುತ್ತೇವೆ. ಆಗ ಹೊಸ ಡಾಕ್ಟರ ಮುಂದೆ ಕೂರಬೇಕು. "ಏನಮ್ಮಾ, ಮಗುವಿಗೆ ಏನು ತೊಂದರೆ?" ಅಂತ ಕೇಳುತ್ತಾರೆ. ಹೊರಗೆ ಉದ್ದ ಸಾಲು. ನಮಗೆ ಗಾಬರಿ. ಹೇಳಬೇಕಾದ ಮಾತೇ ಮರೆತುಹೋಗುತ್ತದೆ.

ಮರೆತರೆ ಏನಾಗುತ್ತದೆ? ಹಿಂದೆ ಒಂದು ಮಾತ್ರೆ ತಿಂದು ಮಗುವಿನ ಮೈಯೆಲ್ಲ ಗುಳ್ಳೆ ಎದ್ದಿತ್ತು ಅಂತ ಇಟ್ಟುಕೊಳ್ಳಿ. ನಾವು ಅದನ್ನು ಹೇಳಲಿಲ್ಲ. ಹೊಸ ಡಾಕ್ಟರು ಅದೇ ಮಾತ್ರೆ ಬರೆಯಬಹುದು. ಅದು ಜೀವಕ್ಕೇ ಅಪಾಯ ತರಬಹುದು.

ಮನಸ್ಸಿನ ಕಾಯಿಲೆ ಸಾಮಾನ್ಯವಾಗಿ ರಕ್ತ ಪರೀಕ್ಷೆಯಲ್ಲಿ ಕಾಣುವುದಿಲ್ಲ. ಎಕ್ಸ್‌ರೇಯಲ್ಲೂ ಕಾಣುವುದಿಲ್ಲ. ಮಗುವನ್ನು ನೋಡಿ, ಮನೆಯವರ ಮಾತು ಕೇಳಿ ಡಾಕ್ಟರು ತಿಳಿದುಕೊಳ್ಳಬೇಕು. ಅದಕ್ಕೇ ನಮ್ಮ ಮಾತಿಗೆ ಅಷ್ಟು ಬೆಲೆ.

ಈಗ ನಮಗೆ ಅಕ್ಷರ ಬಂದಿದೆಯಲ್ಲ! ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗೋಣ. ಕಾಗುಣಿತ ತಪ್ಪಿದರೂ ಚಿಂತೆ ಇಲ್ಲ.

ಏನೇನು ಬರೆಯಬೇಕು?

1. ಹೆರಿಗೆ ಹೇಗಾಯಿತು? ತಿಂಗಳು ತುಂಬಿತ್ತೇ? ಮಗು ಹುಟ್ಟಿದ ಕೂಡಲೇ ಅತ್ತಿತೇ? ತಾಯಿ ಕಾರ್ಡ್ ಇದ್ದರೆ ಜೊತೆಗೆ ಒಯ್ಯಿರಿ.

2. ಮಗು ಯಾವಾಗ ಕೂತಿತು, ಯಾವಾಗ ನಡೆಯಿತು, ಯಾವಾಗ ಮಾತು ಬಂತು? ತಾರೀಖು ನೆನಪಿಲ್ಲವೇ? ಹಬ್ಬ ನೆನಪು ಮಾಡಿಕೊಳ್ಳಿ. "ಯುಗಾದಿಗೆ ಅಂಬೆಗಾಲು, ದೀಪಾವಳಿಗೆ ನಡಿಗೆ" ಅಂತ ಬರೆದರೂ ಸಾಕು.

3. ಫಿಟ್ಸ್ ಬಂದಿತ್ತೇ? ತಲೆಗೆ ಪೆಟ್ಟು ಬಿದ್ದಿತ್ತೇ?

4. ಈಗಿನ ತೊಂದರೆ ಯಾವಾಗ ಶುರುವಾಯಿತು? ಆಗ ಮನೆಯಲ್ಲಿ, ಶಾಲೆಯಲ್ಲಿ ಏನು ನಡೆದಿತ್ತು? ನಿದ್ದೆ, ಊಟ ಹೇಗಿದೆ?

5. ಯಾವ ಮಾತ್ರೆ ಕೊಟ್ಟಿದ್ದರು? ಯಾವುದರಿಂದ ಗುಣ ಕಂಡಿತು? ಯಾವುದು ಒಗ್ಗಲಿಲ್ಲ? ಹೆಸರು ಬರೆಯಲು ಕಷ್ಟವಾದರೆ ಮಾತ್ರೆಯ ಖಾಲಿ ಪಟ್ಟಿಯನ್ನೇ ಒಯ್ಯಿರಿ. ಹಳೆಯ ಚೀಟಿಗಳನ್ನು ಒಂದು ಚೀಲದಲ್ಲಿ ಜೋಪಾನ ಮಾಡಿ.

6. ಮಗುವಿಗೆ ಏನು ಇಷ್ಟ? ಯಾವ ಕೆಲಸ ಚೆನ್ನಾಗಿ ಮಾಡುತ್ತದೆ? ಇದನ್ನೂ ಬರೆಯಿರಿ. ಮಗು ಅಂದರೆ ಬರೀ ಕಾಯಿಲೆ ಅಲ್ಲ.

ಹೇಳಲು ನಾಚಿಕೆಯೇ?

ಕೆಲವು ಮಾತು ಹೇಳಲು ಬಾಯಿ ಬರುವುದಿಲ್ಲ. ಮನೆಯಲ್ಲಿ ಕುಡಿತ, ಜಗಳ, ಹೊಡೆತ ಇರಬಹುದು. ಹತ್ತಿರದ ಸಂಬಂಧದಲ್ಲೇ ಮದುವೆ ಆಗಿರಬಹುದು. ನೆಂಟರಲ್ಲಿ ಇನ್ನೊಬ್ಬರಿಗೂ ಇಂಥ ಕಾಯಿಲೆ ಇರಬಹುದು. ನಾಟಿ ಔಷಧಿ ಕೊಡಿಸಿರಬಹುದು. ಎಲ್ಲವನ್ನೂ ಹೇಳಿ. ಡಾಕ್ಟರು ಕೇಳುವುದು ತಪ್ಪು ಹೊರಿಸುವುದಕ್ಕಲ್ಲ. ಮಗು "ಸಾಯ್ತೀನಿ" ಅಂದಿದ್ದರೆ, ಅದನ್ನು ಎಲ್ಲಕ್ಕಿಂತ ಮೊದಲು ಹೇಳಿ.

ಊರಿಗೆಲ್ಲ ಗೊತ್ತಾದರೆ ಅಂತ ಹೆದರಬೇಡಿ. ರೋಗಿಯ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆ ಹೇಳುತ್ತದೆ. ಕಾನೂನೇ ಹೇಳಿದ ಕೆಲವು ಸಂದರ್ಭ ಮಾತ್ರ ಬೇರೆ.

ಮಗುವಿನ ಎದುರಿಗೇ "ಇವನು ದಡ್ಡ, ಹಟಮಾರಿ" ಅನ್ನಬೇಡಿ. ಅದಕ್ಕೂ ಮನಸ್ಸಿದೆ, ನೋವಾಗುತ್ತದೆ. "ಡಾಕ್ಟ್ರೇ, ಸ್ವಲ್ಪ ಒಬ್ಬಳೇ ಮಾತಾಡಬೇಕು" ಅಂತ ಕೇಳಿ. ಕೇಳುವುದು ತಪ್ಪಲ್ಲ.

ಇನ್ನೊಂದು ಮಾತು. ಹೊಸ ಡಾಕ್ಟರನ್ನು ಕಾಣುವ ಮೊದಲೇ ಮಾತ್ರೆ ಮುಗಿಯದ ಹಾಗೆ ನೋಡಿಕೊಳ್ಳಿ. ನಾವಾಗಿಯೇ ಮಾತ್ರೆ ನಿಲ್ಲಿಸುವುದು ಬೇಡ. ಫಿಟ್ಸ್ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಫಿಟ್ಸ್ ಮತ್ತೆ ಬರಬಹುದು.

ಯಾರನ್ನು ಕೇಳಬೇಕೋ ತಿಳಿಯದಿದ್ದರೆ 14416ಕ್ಕೆ ಫೋನ್ ಮಾಡಿ. ಇದು 2022ರಲ್ಲಿ ಶುರುವಾದ ಸರ್ಕಾರದ ಟೆಲಿ ಮನಸ್ ಸೇವೆ. ದುಡ್ಡು ಕೊಡಬೇಕಿಲ್ಲ. ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರಿಗೆ ಔಷಧಿ ಗೊತ್ತು. ನಮಗೆ ನಮ್ಮ ಮಗು ಗೊತ್ತು. ಇಬ್ಬರೂ ಸೇರಿದರೆ ಮಗುವಿಗೆ ಒಳ್ಳೆಯದು. ಬನ್ನಿ, ಇವತ್ತೇ ಹಾಳೆ ತೆಗೆದು ಬರೆಯೋಣ.