ಎಡೆದೊರೆ ನಾಡಿನ ಯುವಜನರು ಮತ್ತು ಉದ್ಯೋಗ ಕೌಶಲ್ಯ: ರಾಯಚೂರು, ದೇವದುರ್ಗ, ಮಾನ್ವಿಗಳ ಒಂದು ಅವಲೋಕನ

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಎಡೆದೊರೆ ನಾಡು ಪ್ರಾಕೃತಿಕ ಸಂಪತ್ತಿನಲ್ಲಿ ಬಡ ಪ್ರದೇಶವಲ್ಲ. ಹಟ್ಟಿಯ ಚಿನ್ನದ ಗಣಿ, ಶಕ್ತಿನಗರದ ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಭತ್ತ ಹಾಗೂ ಹತ್ತಿಯ ವಿಸ್ತಾರವಾದ ವಹಿವಾಟು ರಾಯಚೂರು ಜಿಲ್ಲೆಗೆ ಹೆಸರು ತಂದಿವೆ. ಆದರೂ ದೇವದುರ್ಗ ಮತ್ತು ಮಾನ್ವಿ ಭಾಗದ ಹಳ್ಳಿಗಳಿಂದ ಕುಟುಂಬಗಳು ಕೂಲಿಯನ್ನರಸಿ ಬೆಂಗಳೂರು, ಹೈದರಾಬಾದು, ಪುಣೆಗಳಿಗೆ ಗುಳೆ ಹೋಗುವುದು ನಿಂತಿಲ್ಲ. ಸಂಪತ್ತು ಇರುವಲ್ಲಿಯೇ ಗುಳೆಯೂ ಇರುವ ಈ ವಿರೋಧಾಭಾಸಕ್ಕೆ ಶಿಕ್ಷಣ ಮತ್ತು ವೃತ್ತಿ ತರಬೇತಿಯ ಕೊರತೆಯು ಒಂದು ಮುಖ್ಯ ಕಾರಣವಾಗಿದೆ.

ಹಿನ್ನೆಲೆ

ರಾಯಚೂರು ಜಿಲ್ಲೆಯು 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು. ಆಡಳಿತ ಹಾಗೂ ಉನ್ನತ ಶಿಕ್ಷಣದ ಭಾಷೆ ಉರ್ದುವಾಗಿದ್ದುದರಿಂದ ಕನ್ನಡ ಮಾತನಾಡುವ ಗ್ರಾಮೀಣ ಜನತೆಗೆ ಶಾಲೆಯ ಬಾಗಿಲು ತಡವಾಗಿ ತೆರೆಯಿತು. 1956ರ ಏಕೀಕರಣದ ನಂತರವೂ ಈ ಅಂತರ ಪೂರ್ಣವಾಗಿ ತುಂಬಲಿಲ್ಲ. 2011ರ ಜನಗಣತಿಯಂತೆ ರಾಜ್ಯದ ಸಾಕ್ಷರತೆ ಶೇ. 75.36ರಷ್ಟಿದ್ದರೆ ರಾಯಚೂರು ಜಿಲ್ಲೆಯದು ಶೇ. 59.56 ಮಾತ್ರ. ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಆಗ ಅನಕ್ಷರಸ್ಥರಾಗಿದ್ದರು.

ಡಾ. ಡಿ.ಎಂ. ನಂಜುಂಡಪ್ಪ ಅವರ ಅಧ್ಯಕ್ಷತೆಯ ಉನ್ನತಾಧಿಕಾರ ಸಮಿತಿಯು 2002ರಲ್ಲಿ ಸಲ್ಲಿಸಿದ ವರದಿಯಲ್ಲಿ ರಾಜ್ಯದ 175 ತಾಲ್ಲೂಕುಗಳ ಪೈಕಿ 114ನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದ ವರ್ಗಕ್ಕೆ ಸೇರಿಸಿತು. ದೇವದುರ್ಗ ಮತ್ತು ಮಾನ್ವಿ ಎರಡೂ ಈ 39ರಲ್ಲಿ ಸೇರಿವೆ. ಸಂವಿಧಾನದ 98ನೆಯ ತಿದ್ದುಪಡಿಯ ಮೂಲಕ ಬಂದ 371(ಜೆ) ವಿಧಿಯು ಈ ಪ್ರದೇಶದವರಿಗೆ ಸಾರ್ವಜನಿಕ ಉದ್ಯೋಗ ಮತ್ತು ಶಿಕ್ಷಣದ ಜೊತೆಗೆ ವೃತ್ತಿ ತರಬೇತಿಯಲ್ಲಿಯೂ ಸಮಾನ ಅವಕಾಶ ಕಲ್ಪಿಸಲು ಆಸ್ಪದ ನೀಡಿದೆ. 2018ರಲ್ಲಿ ನೀತಿ ಆಯೋಗವು ಮಹತ್ವಾಕಾಂಕ್ಷಿ ಜಿಲ್ಲೆಗಳನ್ನು ಆರಿಸಿದಾಗ ಕರ್ನಾಟಕದಿಂದ ರಾಯಚೂರು ಮತ್ತು ಯಾದಗಿರಿ ಆಯ್ಕೆಯಾದವು.

ಸ್ಥಳೀಯ ಆರ್ಥಿಕತೆ ಬೇಡುವ ಕೌಶಲ್ಯಗಳು

ಉದ್ಯೋಗಾರ್ಹತೆ ಎಂದರೆ ಪದವಿ ಪಡೆದಿರುವುದಷ್ಟೇ ಅಲ್ಲ. ಒಂದು ಕೆಲಸವನ್ನು ಹಿಡಿಯುವ, ಅದರಲ್ಲಿ ಉಳಿಯುವ ಮತ್ತು ಕಾಲ ಬದಲಾದಂತೆ ಹೊಸದನ್ನು ಕಲಿಯುವ ಸಾಮರ್ಥ್ಯವೇ ಉದ್ಯೋಗಾರ್ಹತೆ. ಅದನ್ನು ಅಳೆಯಲು ಸ್ಥಳೀಯ ಆರ್ಥಿಕತೆಯ ಸ್ವರೂಪವನ್ನು ಮೊದಲು ಅರಿಯಬೇಕಾಗುತ್ತದೆ.

ಮಾನ್ವಿ ತಾಲ್ಲೂಕಿನ ಬಹುಭಾಗಕ್ಕೆ ತುಂಗಭದ್ರಾ ಎಡದಂಡೆ ಕಾಲುವೆಯೂ, ದೇವದುರ್ಗಕ್ಕೆ ನಾರಾಯಣಪುರ ಬಲದಂಡೆ ಕಾಲುವೆಯೂ ನೀರುಣಿಸುತ್ತವೆ. ಕಾಲುವೆಯ ಕೊನೆಯಂಚಿನ ಹಳ್ಳಿಗಳಿಗೆ ನೀರು ಸಕಾಲದಲ್ಲಿ ತಲುಪದಿರುವುದು ಹಳೆಯ ಸಮಸ್ಯೆ. ನೀರು ತಪ್ಪಿದ ವರ್ಷ ದುಡಿಮೆಯೂ ತಪ್ಪುತ್ತದೆ. ನೀರಾವರಿ ಇರುವಲ್ಲಿ ಭತ್ತದ ಕೊಯ್ಲಿಗೆ ಯಂತ್ರಗಳು ಬಂದಿವೆ. ಇದರಿಂದ ಕೈಕೆಲಸ ಕಡಿಮೆಯಾಗಿದ್ದರೂ ಯಂತ್ರ ಓಡಿಸುವವರ, ದುರಸ್ತಿ ಮಾಡುವವರ ಅಗತ್ಯ ಹೆಚ್ಚಿದೆ. ರಾಯಚೂರು ನಗರದ ಅಕ್ಕಿ ಗಿರಣಿಗಳಿಗೆ ಮತ್ತು ಹತ್ತಿಯ ಜಿನ್ನಿಂಗ್ ಕಾರ್ಖಾನೆಗಳಿಗೆ ಎಲೆಕ್ಟ್ರಿಷಿಯನ್, ಫಿಟ್ಟರ್, ಲೆಕ್ಕ ಬರೆಯುವವರು ಬೇಕು. 1985ರಲ್ಲಿ ಮೊದಲ ಘಟಕ ಆರಂಭಗೊಂಡು 1,720 ಮೆಗಾವಾಟ್ ಸಾಮರ್ಥ್ಯಕ್ಕೆ ಬೆಳೆದ ಶಕ್ತಿನಗರದ ಕೇಂದ್ರವು ತಾಂತ್ರಿಕ ಪರಿಣತರನ್ನು ಬೇಡುವಂಥದು. ಹೀಗೆ ಕೆಲಸಗಳು ಜಿಲ್ಲೆಯಲ್ಲಿಯೇ ಇವೆ. ಆದರೆ ಅವುಗಳಿಗೆ ಬೇಕಾದ ತರಬೇತಿ ಹಳ್ಳಿಯ ಯುವಕನನ್ನು ತಲುಪಿದೆಯೇ ಎಂಬುದು ಮೂಲ ಪ್ರಶ್ನೆ.

ತರಬೇತಿಯ ವ್ಯವಸ್ಥೆ

1950ರಲ್ಲಿ ದೇಶದಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆಯ ಮೇಲೆ ಕೈಗಾರಿಕಾ ತರಬೇತಿ ಸಂಸ್ಥೆಗಳು, ಅಂದರೆ ಐಟಿಐಗಳು, ನಿಂತಿವೆ. ಫಿಟ್ಟರ್ ಮತ್ತು ಎಲೆಕ್ಟ್ರಿಷಿಯನ್ ವೃತ್ತಿಗಳದು 2 ವರ್ಷದ ತರಬೇತಿ; ಅವುಗಳಿಗೆ ಗಣಿತ, ವಿಜ್ಞಾನಗಳೊಂದಿಗೆ ಎಸ್ಸೆಸ್ಸೆಲ್ಸಿ ತೇರ್ಗಡೆಯಾಗಿರಬೇಕು. ವೆಲ್ಡರ್‌ನಂತಹ ಕೆಲವು ವೃತ್ತಿಗಳಿಗೆ 8ನೆಯ ತರಗತಿ ಸಾಕು. ಇದರಿಂದ ಒಂದು ಅಂಶ ಸ್ಪಷ್ಟವಾಗುತ್ತದೆ: ಹೆಚ್ಚು ಬೇಡಿಕೆಯ ವೃತ್ತಿಗಳ ಬಾಗಿಲು ಪ್ರೌಢಶಾಲೆಯ ಗಣಿತದಲ್ಲಿಯೇ ತೆರೆಯುತ್ತದೆ ಅಥವಾ ಮುಚ್ಚುತ್ತದೆ. ಹತ್ತಿ ಬಿಡಿಸುವ ಕಾಲದಲ್ಲಿ ಶಾಲೆ ತಪ್ಪಿಸುವ ಮಕ್ಕಳು, ತಂದೆತಾಯಿಯರೊಡನೆ ಗುಳೆ ಹೋಗುವ ಮಕ್ಕಳು ಹಿಂದೆ ಬೀಳುವುದು ಇಲ್ಲಿಯೇ. ಆದ್ದರಿಂದ ಕೌಶಲ್ಯಾಭಿವೃದ್ಧಿಯ ಮೊದಲ ಮೆಟ್ಟಿಲು ಹಳ್ಳಿಯ ಶಾಲೆಯೇ ಆಗಿದೆ.

ಅಲ್ಪಾವಧಿ ತರಬೇತಿಗಾಗಿ ಗ್ರಾಮೀಣ ಯುವಜನರ ದೀನದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ (2014), ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆ (2015), ರಾಜ್ಯದ ಮುಖ್ಯಮಂತ್ರಿಗಳ ಕೌಶಲ್ಯ ಕರ್ನಾಟಕ ಯೋಜನೆ (2017) ಮೊದಲಾದವು ಬಂದವು. ಸ್ವಯಂ ಉದ್ಯೋಗಕ್ಕೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವಉದ್ಯೋಗ ತರಬೇತಿ ಸಂಸ್ಥೆಗಳಿಗೆ 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಮಾದರಿಯಾಯಿತು. ಕರ್ನಾಟಕದ ಪ್ರಯೋಗವೊಂದು ದೇಶಕ್ಕೇ ಮಾದರಿಯಾದದ್ದು ಗಮನಾರ್ಹ. ಕೃಷಿಗೆ ಸಂಬಂಧಿಸಿದ ಜ್ಞಾನಕ್ಕೆ 2008ರಲ್ಲಿ ಸ್ಥಾಪನೆಯಾದ ರಾಯಚೂರಿನ ಕೃಷಿ ವಿಜ್ಞಾನಗಳ ವಿಶ್ವವಿದ್ಯಾಲಯವು ಆಧಾರವಾಗಬಲ್ಲದು.

ಕೊರತೆಗಳು

ಮೊದಲನೆಯದು ತರಬೇತಿ ಮತ್ತು ಕೆಲಸದ ನಡುವಣ ಬಿರುಕು. ಶಿಶಿಕ್ಷು ಕಾಯಿದೆ 1961ರಿಂದಲೂ ಇದೆ. 30 ಅಥವಾ ಹೆಚ್ಚು ಕೆಲಸಗಾರರಿರುವ ಸಂಸ್ಥೆಗಳು ಶಿಶಿಕ್ಷುಗಳನ್ನು ತೆಗೆದುಕೊಳ್ಳುವುದು ಕಡ್ಡಾಯ. ಇದಕ್ಕಿಂತ ಸಣ್ಣ ಗಿರಣಿ, ಗ್ಯಾರೇಜು, ವರ್ಕ್‌ಶಾಪುಗಳು ಈ ಕಡ್ಡಾಯದ ಹೊರಗೆ ಉಳಿಯುತ್ತವೆ. ಸಣ್ಣ ಘಟಕಗಳನ್ನು ಒಟ್ಟುಗೂಡಿಸಿ ಸರದಿಯ ಮೇಲೆ ಕಲಿಕೆ ಏರ್ಪಡಿಸದ ಹೊರತು ಪ್ರಮಾಣಪತ್ರ ಒಂದೆಡೆ, ಕೈಯ ಅಭ್ಯಾಸ ಇನ್ನೊಂದೆಡೆ ಉಳಿಯುತ್ತವೆ.

ಎರಡನೆಯದು ಮಹಿಳೆಯರ ಪಾಲ್ಗೊಳ್ಳುವಿಕೆ. ಹೆಣ್ಣುಮಕ್ಕಳಿಗೆ ಹೊಲಿಗೆ, ಕಸೂತಿಗಳನ್ನಷ್ಟೇ ಕಲಿಸುವ ರೂಢಿಯಿಂದ ಅವರ ಗಳಿಕೆಯ ಮಿತಿ ಮೊದಲೇ ನಿಗದಿಯಾಗುತ್ತದೆ. 2023ರ ಜೂನ್‌ನಲ್ಲಿ ಆರಂಭವಾದ ಶಕ್ತಿ ಯೋಜನೆಯ ಉಚಿತ ಬಸ್ ಪ್ರಯಾಣವು ಹಳ್ಳಿಯಿಂದ ನಗರದ ತರಬೇತಿ ಕೇಂದ್ರಕ್ಕೆ ಹೋಗುವ ಖರ್ಚನ್ನು ಇಳಿಸಿದೆ. ಆದರೆ ತರಗತಿಯ ವೇಳೆಗೆ ಹೊಂದುವ ಬಸ್ಸು, ಸುರಕ್ಷಿತ ವಸತಿ ನಿಲಯ ಇಲ್ಲದಿದ್ದರೆ ಈ ಅನುಕೂಲ ಫಲಕಾರಿಯಾಗದು.

ಮೂರನೆಯದು, ಗುಳೆ ಹೋದವರಲ್ಲಿ ಈಗಾಗಲೇ ಇರುವ ಕೌಶಲ್ಯದ ಕಡೆಗಣನೆ. ಬೆಂಗಳೂರಿನ ಕಟ್ಟಡಗಳಲ್ಲಿ ವರ್ಷಾನುಗಟ್ಟಲೆ ದುಡಿದ ದೇವದುರ್ಗದ ಯುವಕನು ಗೌಂಡಿ ಕೆಲಸ, ಸೆಂಟ್ರಿಂಗ್, ಕಬ್ಬಿಣ ಕಟ್ಟುವಿಕೆಗಳನ್ನು ಕೆಲಸದಲ್ಲಿಯೇ ಕಲಿತಿರುತ್ತಾನೆ. ದಾಖಲೆ ಇಲ್ಲದ ಕಾರಣ ಅವನಿಗೆ ಸಲ್ಲುವುದು ಕೂಲಿಯವನ ಪಗಾರ ಮಾತ್ರ. ಪೂರ್ವ ಕಲಿಕೆಗೆ ಮಾನ್ಯತೆ ನೀಡುವ ಅವಕಾಶ ಪ್ರಧಾನಮಂತ್ರಿ ಕೌಶಲ್ಯ ವಿಕಾಸ ಯೋಜನೆಯಲ್ಲಿದೆ. ಯುಗಾದಿ, ಜಾತ್ರೆ, ಮೊಹರಂಗಳಿಗೆ ಜನರು ಊರಿಗೆ ಮರಳುವ ದಿನಗಳಲ್ಲಿ ತಾಲ್ಲೂಕು ಮಟ್ಟದಲ್ಲಿಯೇ ಪರೀಕ್ಷೆ ನಡೆಸಿದರೆ ಈ ಮಾನ್ಯತೆ ನಿಜವಾಗಿ ಬೇಕಾದವರಿಗೆ ದೊರೆಯುತ್ತದೆ.

ಉಪಸಂಹಾರ

2023ರಲ್ಲಿ ಘೋಷಿತವಾದ ಯುವನಿಧಿಯು ನಿರುದ್ಯೋಗಿ ಪದವೀಧರರಿಗೆ ತಿಂಗಳಿಗೆ 3,000, ಡಿಪ್ಲೊಮಾ ಪಡೆದವರಿಗೆ 1,500 ರೂಪಾಯಿಗಳನ್ನು 2 ವರ್ಷಗಳವರೆಗೆ ನೀಡುವ ಯೋಜನೆ. ಇದು ಕೆಲಸ ಹುಡುಕುವ ಕಾಲದ ಆಸರೆ, ಕೌಶಲ್ಯಕ್ಕೆ ಪರ್ಯಾಯವಲ್ಲ. ಎಸ್ಸೆಸ್ಸೆಲ್ಸಿಯನ್ನೇ ದಾಟದವರು ಈ ಆಸರೆಯ ವ್ಯಾಪ್ತಿಗೂ ಬರುವುದಿಲ್ಲ. ಶಾಲೆಯಲ್ಲಿ ಗಣಿತದ ಬುನಾದಿ, ಐಟಿಐಯಲ್ಲಿ ಸ್ಥಳೀಯ ಬೇಡಿಕೆಗೆ ತಕ್ಕ ವೃತ್ತಿ, ಗಿರಣಿ ಹಾಗೂ ಗ್ಯಾರೇಜುಗಳಲ್ಲಿ ಪ್ರತ್ಯಕ್ಷ ಅನುಭವ, ದುಡಿದು ಕಲಿತವರಿಗೆ ಮಾನ್ಯತೆ – ಈ ನಾಲ್ಕೂ ಒಂದೇ ಸರಪಳಿಯ ಕೊಂಡಿಗಳು. ಇವು ಬಿಗಿಯಾದಾಗ ಊರು ಬಿಡುವುದು ಅಲ್ಲಿನ ಯುವಜನರಿಗೆ ಅನಿವಾರ್ಯವಾಗಿ ಉಳಿಯದೆ ಆಯ್ಕೆಯಾಗುತ್ತದೆ. 371(ಜೆ) ವಿಧಿಯ ಆಶಯವು ದೇವದುರ್ಗ ಮತ್ತು ಮಾನ್ವಿಗಳಲ್ಲಿ ಎಷ್ಟರಮಟ್ಟಿಗೆ ಈಡೇರಿದೆ ಎಂಬುದನ್ನು ಮುಂದಿನ ಸಂಶೋಧಕರು ಈ ಅಳತೆಗೋಲಿನಿಂದ ಪರಿಶೀಲಿಸುವುದು ಉಚಿತ.