ಜಮಾ ಆಯಿತು ಎಂದ ಮೇಲೆ

ಸಹಕಾರ ಸಂಘಗಳ ಕಂಪ್ಯೂಟರ್ ನೋಡಿಕೊಳ್ಳುವುದು ನನ್ನ ಕಸುಬು. ಹೊಸ ಸರ್ವರ್ ಕೊಂಡವರಿಗೆ ನಾನು ಮೊದಲು ಕೇಳುವುದು ಇದನ್ನೇ: ತೆರೆಯ ಮೇಲೆ ‘ಜಮಾ ಆಯಿತು’ ಎಂದು ಬಂದ ಮರುಗಳಿಗೆಗೆ ಕರೆಂಟ್ ಹೋದರೆ ಆ ಜಮಾ ಉಳಿಯುತ್ತದೆಯೇ?

ಪ್ರೋಗ್ರಾಂ ಬರೆದದ್ದು ನೇರವಾಗಿ ಡಿಸ್ಕಿಗೆ ಹೋಗುವುದಿಲ್ಲ. ಮೊದಲು ಮೆಮೊರಿಗೆ ಹೋಗುತ್ತದೆ. ಲಿನಕ್ಸ್ ಅದನ್ನು ಸಾಮಾನ್ಯವಾಗಿ 30 ಸೆಕೆಂಡಿನಷ್ಟು ಹೊತ್ತು ಅಲ್ಲೇ ಇಟ್ಟುಕೊಂಡು, ಆಮೇಲೆ ಒಟ್ಟಿಗೆ ಡಿಸ್ಕಿಗೆ ಇಳಿಸುತ್ತದೆ. ವೇಗ ಬರುವುದೇ ಇದರಿಂದ. ನಿಮಿಷಕ್ಕೆ 7200 ಸುತ್ತು ತಿರುಗುವ ಹಾರ್ಡ್ ಡಿಸ್ಕಿಗೆ ಒಂದು ಸುತ್ತಿಗೆ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಪ್ರತಿ ನಮೂದಿಗೂ ಒಂದು ಸುತ್ತು ಕಾಯುತ್ತ ಕೂತರೆ ಸೆಕೆಂಡಿಗೆ 120 ನಮೂದು ದಾಟುವುದಿಲ್ಲ.

ಆದರೂ ಹಣದ ವಿಷಯದಲ್ಲಿ ಕಾಯಲೇಬೇಕು. ಅದಕ್ಕೆಂದೇ ಇರುವುದು ಎಫ್‌ಸಿಂಕ್ ಎಂಬ ಆದೇಶ. ಈ ಕಡತದ್ದೆಲ್ಲ ಡಿಸ್ಕ್ ಸೇರುವ ತನಕ ಪ್ರೋಗ್ರಾಂ ಮುಂದೆ ಹೋಗುವುದಿಲ್ಲ. ಡಿಸ್ಕಿನೊಳಗೂ ಒಂದು ಪುಟ್ಟ ಮೆಮೊರಿ ಇರುವುದರಿಂದ ಅದನ್ನೂ ಖಾಲಿ ಮಾಡಿಸಬೇಕು. ಮ್ಯಾಕ್‌ನಲ್ಲಿ ಬರೀ ಎಫ್‌ಸಿಂಕ್ ಅಷ್ಟು ದೂರ ಹೋಗುವುದಿಲ್ಲ, ಅದಕ್ಕೆ ಬೇರೆಯೇ ಆದೇಶ ಕೊಡಬೇಕು. ಕರೆಂಟ್ ಹೋದ ಮೇಲೂ ಒಳಗಿನದನ್ನು ಬರೆದು ಮುಗಿಸುವಷ್ಟು ಶಕ್ತಿಯನ್ನು ಕೆಪಾಸಿಟರ್‌ನಲ್ಲಿ ಇಟ್ಟುಕೊಂಡಿರುವ ಎಸ್‌ಎಸ್‌ಡಿಗಳಿವೆ. ಬೆಲೆ ಹೆಚ್ಚು, ಆದರೂ ಸಂಘಗಳಿಗೆ ನಾನು ಅದನ್ನೇ ತರಿಸುತ್ತೇನೆ.

ಅರ್ಧ ಬರೆದಾಗ ಯಂತ್ರ ನಿಂತರೆ? ಅದಕ್ಕೆ ಜರ್ನಲ್ ಇದೆ. ಹಳೆಯ ಅಂಗಡಿಗಳಲ್ಲಿ ವ್ಯವಹಾರವನ್ನು ಮೊದಲು ಕಿರ್ದಿಯಲ್ಲಿ ಬರೆದು ಆಮೇಲೆ ಖಾತೆಗೆ ಏರಿಸುತ್ತಿದ್ದ ಹಾಗೆ, ಮಾಡಲಿರುವ ಬದಲಾವಣೆಯನ್ನು ಫೈಲ್ ಸಿಸ್ಟಂ ಮೊದಲು ಅಲ್ಲಿ ಬರೆದಿಡುತ್ತದೆ. ಆದರೆ ಲಿನಕ್ಸ್‌ನ ಎಕ್ಸ್ಟ್4 ಎಂಬ ಫೈಲ್ ಸಿಸ್ಟಂ ಸಾಮಾನ್ಯ ಸ್ಥಿತಿಯಲ್ಲಿ ಜರ್ನಲ್‌ಗೆ ಸೇರಿಸುವುದು ಕಡತಗಳ ವಿವರಗಳನ್ನು ಮಾತ್ರ, ಒಳಗಿನ ಮಾಹಿತಿಯನ್ನಲ್ಲ. ಕಡತದ ಹೆಸರು ಉಳಿದರೂ ಹೊಸದಾಗಿ ಬರೆದ ಅಂಕಿ ಉಳಿದಿದೆ ಎನ್ನುವಂತಿಲ್ಲ. ಹಾಗಾಗಿ ಡೇಟಾಬೇಸ್‌ಗಳು ತಮ್ಮದೇ ಲಾಗ್ ಬರೆದು, ಅದಕ್ಕೆ ಎಫ್‌ಸಿಂಕ್ ಮಾಡಿಸಿದ ಮೇಲೆಯೇ ‘ಆಯಿತು’ ಎನ್ನುತ್ತವೆ.

ಈ ನಂಬಿಕೆಯ ಬುಡವೇ ಅಲ್ಲಾಡಿದ್ದು 2018ರಲ್ಲಿ. ಡಿಸ್ಕಿಗೆ ಬರೆಯಲು ಆಗದಿದ್ದಾಗ ಎಫ್‌ಸಿಂಕ್ ದೋಷ ತಿಳಿಸುತ್ತದೆ. ಇನ್ನೊಮ್ಮೆ ಕೇಳಿದರೆ ಉಳಿದದ್ದನ್ನು ಬರೆಯುತ್ತದೆ ಎಂದು ಪೋಸ್ಟ್‌ಗ್ರೆಸ್ ಡೇಟಾಬೇಸ್ ವರ್ಷಗಟ್ಟಲೆ ನಂಬಿತ್ತು. ಲಿನಕ್ಸ್ ಮಾಡುತ್ತಿದ್ದುದು ಬೇರೆ: ದೋಷವನ್ನು ಒಮ್ಮೆ ತಿಳಿಸಿ, ಬರೆಯಲಾಗದೆ ಮೆಮೊರಿಯಲ್ಲಿ ಉಳಿದ ಪುಟಗಳಿಗೆ ‘ಬರೆದಾಗಿದೆ’ ಎಂಬ ಗುರುತು ಹಾಕಿಬಿಡುತ್ತಿತ್ತು. ಎರಡನೆಯ ಎಫ್‌ಸಿಂಕ್‌ಗೆ ಬರೆಯಲು ಏನೂ ಕಾಣದು, ‘ಸರಿ’ ಎನ್ನುತ್ತದೆ. ಎಲ್ಲ ಸುರಕ್ಷಿತವೆಂದುಕೊಂಡ ಡೇಟಾಬೇಸ್ ಆ ಭಾಗದ ಲಾಗನ್ನೂ ಅಳಿಸಬಹುದು. ಆಗ ಕಳೆದುಹೋದ ನಮೂದಿನ ಸುಳಿವೂ ಉಳಿಯುವುದಿಲ್ಲ. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

2019ರ ಫೆಬ್ರವರಿಯ ಆವೃತ್ತಿಗಳಿಂದ, ಎಫ್‌ಸಿಂಕ್ ಸೋತರೆ ಪೋಸ್ಟ್‌ಗ್ರೆಸ್ ಮರುಪ್ರಯತ್ನ ಮಾಡದೆ ತಾನೇ ನಿಂತುಬಿಡುತ್ತದೆ. ಲಾಗ್‌ನಿಂದ ಮತ್ತೆ ಎದ್ದುಬರುತ್ತದೆ. ಕೌಂಟರಿನಲ್ಲಿ ಜನ ನಿಂತಿರುವಾಗ ಹಾಗಾದರೆ ಗಲಾಟೆಯೇ. ಆದರೂ ಅದೇ ಸರಿ ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಠೇವಣಿದಾರರು ಅರ್ಧ ಗಂಟೆ ಕಾಯಬಹುದು, ತಮ್ಮ ಠೇವಣಿಯನ್ನು ಕಳೆದುಕೊಳ್ಳುವಂತಿಲ್ಲ.

ವೇಗ ಸಾಲದು ಎಂದು ಎಫ್‌ಸಿಂಕನ್ನೇ ಆಫ್ ಮಾಡಿಸುವವರು ಈಗಲೂ ಇದ್ದಾರೆ. ಕರೆಂಟ್ ಹೋದರೆ ಇಡೀ ಡೇಟಾಬೇಸೇ ಕೆಟ್ಟೀತು. ಅದರ ಬದಲು, ಲಾಗ್ ಡಿಸ್ಕ್ ಸೇರುವ ತನಕ ‘ಆಯಿತು’ ಎನ್ನದಂತೆ ಕಾಯಿಸುವ ಸಿಂಕ್ರೊನಸ್ ಕಮಿಟ್ ಒಂದನ್ನೇ ಆಫ್ ಮಾಡಿದರೆ ಹೋಗುವುದು ಕೊನೆಯ ಗಳಿಗೆಯ ಕೆಲವು ನಮೂದು ಮಾತ್ರ, ಉಳಿದದ್ದು ಕೆಡುವುದಿಲ್ಲ. ಒಂದೊಂದು ವ್ಯವಹಾರಕ್ಕೂ ಬೇರೆ ಬೇರೆಯಾಗಿ ಹೇಳಲೂಬಹುದು. ಯಾರು ಯಾವಾಗ ಲಾಗಿನ್ ಆದರು ಎಂಬ ಪಟ್ಟಿಗೆ ನಾನು ಅದನ್ನು ಆಫ್ ಮಾಡಿಡುತ್ತೇನೆ. ಜಮಾ-ಖರ್ಚಿಗೆ ಮಾಡುವುದಿಲ್ಲ.