ಪ್ರಸಾರ ಕೇಂದ್ರದಲ್ಲಿ ಸಂಕೇತಗಳ ಮಾರ್ಗಯೋಜನೆ

ದೂರದರ್ಶನದ ಪ್ರಸಾರ ಕೇಂದ್ರವೊಂದರಲ್ಲಿ ಕ್ಯಾಮೆರಾ, ಮೈಕ್ರೊಫೋನು, ಉಪಗ್ರಹ ಗ್ರಾಹಕ ಮೊದಲಾದ ಅನೇಕ ಮೂಲಗಳಿಂದ ಚಿತ್ರ ಮತ್ತು ಧ್ವನಿಯ ಸಂಕೇತಗಳು ಹೊರಡುತ್ತವೆ. ಅವು ಸಂಕಲನ ಕೊಠಡಿ, ವೀಕ್ಷಣೆಯ ಪರದೆಗಳು, ಕಡೆಗೆ ಪ್ರೇಷಕಯಂತ್ರ ಹೀಗೆ ಅನೇಕ ಗಮ್ಯಗಳನ್ನು ಸೇರಬೇಕು. ಈ ಕೂಡಿಕೆಯನ್ನು ನಿರ್ವಹಿಸುವ ಉಪಕರಣಕ್ಕೆ ರೂಟರ್ ಎಂದು ಹೆಸರು. ಅದನ್ನು ಸಜ್ಜುಗೊಳಿಸುವುದೆಂದರೆ ತಂತಿಗಳನ್ನು ಜೋಡಿಸಿದಷ್ಟೇ ಎಂದು ಭಾವಿಸುವವರುಂಟು. ವಸ್ತುತಃ ಸ್ಥಳ, ಕಾಲ, ಅಧಿಕಾರ ಎಂಬ ಮೂರು ವಿಚಾರಗಳು ಅದರಲ್ಲಿ ಅಡಗಿವೆ. ಅವನ್ನು ಕ್ರಮವಾಗಿ ಪರಿಶೀಲಿಸೋಣ.

ಚದುರಂಗದ ಮಣೆಯಂತಹ ಒಂದು ಜಾಲವನ್ನು ಕಲ್ಪಿಸಿಕೊಳ್ಳಿ. ಅಡ್ಡಗೆರೆಗಳು ಮೂಲಗಳು, ಲಂಬಗೆರೆಗಳು ಗಮ್ಯಗಳು. ಗೆರೆಗಳು ಸಂಧಿಸುವಲ್ಲೆಲ್ಲ ಒಂದೊಂದು ಸ್ವಿಚ್ಚು. ಒಂದು ಗಮ್ಯಕ್ಕೆ ಒಂದು ವೇಳೆಗೆ ಒಂದೇ ಮೂಲ ಸಲ್ಲುತ್ತದೆ. ಒಂದು ಮೂಲವಾದರೋ ಎಷ್ಟು ಗಮ್ಯಗಳಿಗಾದರೂ ಹೋಗಬಹುದು. 16 ಮೂಲ, 16 ಗಮ್ಯಗಳಿಗೆ 256 ಸ್ವಿಚ್ಚುಗಳು ಸಾಕು. ತಲಾ 256 ಆದರೆ 65,536 ಬೇಕು.

ಈ ವೆಚ್ಚವನ್ನು ತಗ್ಗಿಸುವ ಉಪಾಯವನ್ನು ಬೆಲ್ ಪ್ರಯೋಗಾಲಯದ ಚಾರ್ಲ್ಸ್ ಕ್ಲೋಸ್ 1953ರಲ್ಲಿ ದೂರವಾಣಿಯ ಸಂದರ್ಭದಲ್ಲಿ ಪ್ರಕಟಿಸಿದರು. ಜಾಲವನ್ನು ಮೂರು ಹಂತಗಳಾಗಿ ವಿಂಗಡಿಸಿ, 256 ಗೆರೆಗಳನ್ನು ಹದಿನಾರರ 16 ಗುಂಪುಗಳಾಗಿ ಮಾಡಿದೆವೆನ್ನೋಣ. ಒಂದು ಹೊಸ ಕರೆ ಬಂದಾಗ, ಹೊರಡುವ ಗುಂಪಿನ ಉಳಿದ 15 ಗೆರೆಗಳು 15 ಮಧ್ಯಘಟಕಗಳನ್ನೂ, ಸೇರುವ ಗುಂಪಿನ ಉಳಿದ 15 ಗೆರೆಗಳು ಬೇರೆ 15 ಘಟಕಗಳನ್ನೂ ಹಿಡಿದಿರಬಹುದು. ಮೂವತ್ತೊಂದನೆಯ ಘಟಕವಿದ್ದರೆ ಹಾದಿ ನಿಶ್ಚಿತ. ಆಗ ಒಟ್ಟು ಸ್ವಿಚ್ಚುಗಳು 23,808 ಮಾತ್ರ.

ಆದರೆ ಈ ತರ್ಕವನ್ನು ಪ್ರಸಾರಕ್ಕೆ ಹಾಗೆಯೇ ಅನ್ವಯಿಸಲಾಗದು. ದೂರವಾಣಿಯಲ್ಲಿ ಒಬ್ಬರಿಗೆ ಒಬ್ಬರು. ಇಲ್ಲಿ ಒಂದೇ ಮೂಲ ಹಲವು ಗಮ್ಯಗಳಿಗೆ ಹಬ್ಬಿ ಹಲವು ಮಧ್ಯಘಟಕಗಳನ್ನು ಆಕ್ರಮಿಸಬಲ್ಲದು. ಆದಕಾರಣ 31 ಘಟಕಗಳಿದ್ದರೂ ಹಾದಿ ಸಿಕ್ಕೀತೆಂಬ ಭರವಸೆಯಿಲ್ಲ. ಘಟಕಗಳನ್ನು ಹೆಚ್ಚಿಸಬೇಕು, ಇಲ್ಲವೆ ಪೂರ್ಣ ಚೌಕಜಾಲವನ್ನೇ ಇರಿಸಬೇಕು. ಲೆಕ್ಕ ತಪ್ಪಿದಲ್ಲಿ ತುರ್ತುವಾರ್ತೆಯ ವೇಳೆ ಮೂಲವೂ ಇದ್ದು, ಗಮ್ಯವೂ ಇದ್ದು, ನಡುವೆ ದಾರಿಯಿಲ್ಲದಂತಾದೀತು.

ಎರಡನೆಯದು ಕಾಲ. 625 ಗೆರೆಗಳ ಪದ್ಧತಿಯಲ್ಲಿ ಸೆಕೆಂಡಿಗೆ 25 ಚಿತ್ರಗಳು. ಒಂದೊಂದಕ್ಕೆ 40 ಮಿಲಿಸೆಕೆಂಡು. ಚಿತ್ರದ ನಡುವೆ ಮೂಲವನ್ನು ಬದಲಿಸಿದರೆ ಪರದೆ ಕದಲುತ್ತದೆ. ಆದ್ದರಿಂದ ಕಣ್ಣಿಗೆ ಕಾಣದ ಗೆರೆಗಳಲ್ಲೊಂದಾದ ಆರನೆಯದರಲ್ಲಿ ಬದಲಾವಣೆಯಾಗುವಂತೆ ನಿಗದಿಪಡಿಸಿದ್ದಾರೆ. ಇದು ಸಾಧ್ಯವಾಗಬೇಕಾದರೆ, ಕಚೇರಿಯ ಪಕ್ಕವಾದ್ಯಗಳೆಲ್ಲ ಒಂದೇ ತಾಳಕ್ಕೆ ನಡೆಯುವಂತೆ, ಮೂಲಗಳೆಲ್ಲ ಒಂದೇ ಕಾಲಸಂಕೇತವನ್ನು ಅನುಸರಿಸಬೇಕು. ಹೊರಗಿನಿಂದ ಬಂದು ತಾಳ ತಪ್ಪಿದ ಚಿತ್ರವನ್ನು ಸ್ಮೃತಿಕೋಶದಲ್ಲಿ ಕೊಂಚ ತಡೆದು ಬಿಡಬೇಕಾಗುತ್ತದೆ. ಧ್ವನಿಯನ್ನೂ ಅಷ್ಟೇ ತಡೆಯದಿದ್ದರೆ ತುಟಿಗಿಂತ ಮಾತು ಮುಂದಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸಿನಂತೆ, ಧ್ವನಿ 125 ಮಿಲಿಸೆಕೆಂಡು ಹಿಂದುಳಿದಾಗ ಪತ್ತೆಯಾಗುವ ದೋಷ, 45 ಮಿಲಿಸೆಕೆಂಡು ಮುಂದಾದಾಗಲೇ ಪತ್ತೆಯಾಗುತ್ತದೆ. ಹೀಗೆ ಎರಡು ಚಿತ್ರಗಳಷ್ಟು ತಡೆಯನ್ನು ಅಲಕ್ಷಿಸಿದರೂ ವೀಕ್ಷಕನು ಗುರುತಿಸಬಲ್ಲನು.

ಮೂರನೆಯದು ಅಧಿಕಾರ. ಯಾವ ಗುಂಡಿಫಲಕದಿಂದ ಯಾವ ಗಮ್ಯವನ್ನು ಬದಲಿಸಬಹುದೆಂಬುದನ್ನು ಮೊದಲೇ ಗೊತ್ತುಪಡಿಸಬೇಕು. ಪ್ರೇಷಕಯಂತ್ರಕ್ಕೆ ಹೋಗುವ ಹಾದಿಗೆ ಬೀಗವಿರದಿದ್ದರೆ, ಸಂಕಲನ ಕೊಠಡಿಯಲ್ಲಿ ಒತ್ತಿದ ಒಂದು ತಪ್ಪುಗುಂಡಿ ನಾಡಿಗೆಲ್ಲ ಕಾಣುತ್ತದೆ. ಹೆಸರುಗಳೂ ಸ್ಪಷ್ಟವಾಗಿರಬೇಕು, ‘ಮೂಲ 47’ ಎಂಬುದಕ್ಕಿಂತ ‘ಸ್ಟುಡಿಯೊ 1, ಕ್ಯಾಮೆರಾ 2’ ಎಂಬುದು ಅವಸರದಲ್ಲಿ ಉಪಕಾರಿ.

ಈ ಮೂರನ್ನೂ ಮೊದಲು ಕಾಗದದ ಮೇಲೆ ಕೋಷ್ಟಕವಾಗಿ ಬರೆದು, ಆಮೇಲೆ ಯಂತ್ರವನ್ನು ಮುಟ್ಟುವುದು ಲೇಸು. ಕೋಷ್ಟಕದಲ್ಲಿ ಉಳಿದ ದೋಷವನ್ನು ಅಳಿಸಬಹುದು. ಪ್ರಸಾರವಾಗಿ ಹೋದ ದೋಷವನ್ನು ಹಿಂದಕ್ಕೆ ಕರೆಯಲಾಗದು.